ಸಂಗಯ್ಯನವರ ದ್ರಾಕ್ಷಾಸವ, ಸೊಸೆಯ ನಾಲಿಗೆ

ಶಿರೂರಿನ ಹಿರೇಮಠದ ಮನೆಯಲ್ಲಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹಾಕಿದವಳು ಸೊಸೆ ಶಿವಲಿಂಗವ್ವ. ಒಲೆಯ ಮುಂದೆ ಕೂತವಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು, ಇರಲಿ ಎಂದು ಇನ್ನಷ್ಟು ಉದುರಿಸಿಬಿಟ್ಟಿದ್ದಳು. ಗಂಡ ಬಸಯ್ಯ ಮೊದಲ ತುತ್ತಿಗೇ ಮುಖ ಕಿವುಚಿ ನೀರಿನ ತಂಬಿಗೆಗೆ ಕೈ ಹಾಕಿದ. ಅತ್ತೆ ಗುರುಲಿಂಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು ಸೊಸೆಯನ್ನೇ ನೋಡಿದಳು. ಮಾವ ಸಂಗಯ್ಯನವರು ಮಾತ್ರ ಬಟ್ಟಲು ಎತ್ತಿ ಸೊರ್ರನೆ ಕುಡಿದು ಮೀಸೆ ಒರೆಸಿಕೊಂಡರು.

"ಇವತ್ತ ಸಾರು ಭಾಳ ಚಲೋ ಆಗೈತೆವ್ವಾ. ಇನ್ನೊಂದಿಷ್ಟು ಹಾಕು."

ಶಿವಲಿಂಗವ್ವ ಹಾಕಿದಳು. ಹಾಕುತ್ತ ಮಾವನ ಮುಖ ನೋಡಿದಳು. ಸೊಸೆಯ ಮನಸ್ಸು ನೋಯದಿರಲಿ ಎಂದು ಆಡಿದ ಮಾತು ಅದಾಗಿರಲಿಲ್ಲ. ಅಂಥ ನಯ ಸಂಗಯ್ಯನವರಿಗೆ ಗೊತ್ತಿರಲೇ ಇಲ್ಲ. ಒಗ್ಗರಣೆ ತುಸು ಕಪ್ಪಾದರೂ ಪಡಸಾಲೆಯಿಂದಲೇ ಕೂಗಿ ಹೇಳುವ ಮನುಷ್ಯ ಅವರು. ಹಾಗಾದರೆ ಅವರಿಗೆ ಉಪ್ಪೇ ತಿಳಿಯಲಿಲ್ಲ ಎಂದಾಯಿತು.

ಅದು ಸಾವಿರದ ಒಂಬೈನೂರ ಆರನೆಯ ಇಸವಿಯ ಚಳಿಗಾಲ. ಸಂಗಯ್ಯನವರು ಊರಿನ ವೈದ್ಯರು. ಬಾಗಲಕೋಟೆ ಕಡೆಯಿಂದಲೂ ಬಾದಾಮಿ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಮಂದಿ ಅವರಲ್ಲಿಗೆ ಬರುತ್ತಿದ್ದದ್ದು ಮುಖ್ಯವಾಗಿ ಒಂದು ಮದ್ದಿಗೆ, ದ್ರಾಕ್ಷಾಸವಕ್ಕೆ. ಕರಿ ಮಣೂಕವನ್ನು, ಎಂದರೆ ಒಣದ್ರಾಕ್ಷಿಯನ್ನು, ಕುದಿಸಿ, ಬೆಲ್ಲ, ಲವಂಗ, ಯಾಲಕ್ಕಿ, ದಾಲ್ಚಿನ್ನಿ, ಧಾತಕಿ ಹೂವು ಸೇರಿಸಿ, ತುಪ್ಪ ಸವರಿದ ಮಡಕೆಯಲ್ಲಿ ಬಾಯಿ ಕಟ್ಟಿ ಹುಳಿಯಲು ಬಿಟ್ಟು, ಆಮೇಲೆ ಸೋಸಿ ಭರಣಿಗೆ ತುಂಬಿದರೆ ಆಸವ. ಜ್ವರ ಬಿಟ್ಟು ಸೊರಗಿದವರಿಗೆ, ಬಾಯಿಗೆ ಅನ್ನ ಸೇರದವರಿಗೆ, ಕೆಮ್ಮಿ ಕೆಮ್ಮಿ ಸಾಕಾದವರಿಗೆ ಎರಡು ಚಮಚ ಕೊಟ್ಟರೆ ಮುಖಕ್ಕೆ ಕಳೆ ಬರುತ್ತಿತ್ತು. ಬೇರೆ ವೈದ್ಯರು ಸೋಸಿದ ವಾರಕ್ಕೇ ಹಂಚಿಬಿಡುತ್ತಿದ್ದರು. ಸಂಗಯ್ಯನವರು ಕೊಡುತ್ತಿರಲಿಲ್ಲ. "ಇದಿನ್ನೂ ಕೂಸು. ಕೂಸಿನ ಕಡೆ ದುಡಿಸಿಕೊಳ್ಳಬಾರದು," ಎಂದು ಭರಣಿಗಳನ್ನು ಮದ್ದಿನ ಕೋಣೆಯ ತಂಪು ಮೂಲೆಯಲ್ಲಿ ಹೊಟ್ಟಿನೊಳಗೆ ಹೂತಿಡುತ್ತಿದ್ದರು. ವರ್ಷ, ಎರಡು ವರ್ಷ, ಕೆಲವನ್ನು ಇನ್ನೂ ಹೆಚ್ಚು. ಆಗಾಗ ಒಂದನ್ನು ತೆಗೆದು ನಾಲಿಗೆಗೆ ಹಚ್ಚಿ ನೋಡಿ, "ಹಣ್ಣಾತು" ಎಂದರೆ ಮಾತ್ರ ಅದು ಹೊರಗೆ ಬರುತ್ತಿತ್ತು.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವರಿಗೆ ಜೋರು ನೆಗಡಿ ಜ್ವರ ಬಂದಿತ್ತು. ಜ್ವರ ಹೋಯಿತು, ನೆಗಡಿಯೂ ಹೋಯಿತು. ಹೋಗುವಾಗ ಮೂಗು ನಾಲಿಗೆ ಎರಡನ್ನೂ ಕಟ್ಟಿಕೊಂಡು ಹೋಯಿತು.

ಮರುದಿನ ಮುಂಜಾನೆ ಶಿವಲಿಂಗವ್ವ ನೀರಿನ ಕೊಡ ಇಡುವ ನೆವದಲ್ಲಿ ಮದ್ದಿನ ಕೋಣೆಗೆ ಹೋದಳು. ಸಂಗಯ್ಯನವರು ಕಲಬತ್ತಿನಲ್ಲಿ ಮೆಣಸು ಕುಟ್ಟುತ್ತಿದ್ದರು.

"ಮಾವಾರ, ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ರಿ."

ಕುಟ್ಟುವ ಕೈ ನಿಂತಿತು. "ಯಾರ ಮುಂದ ಹೇಳೀದಿ?"

"ಯಾರ ಮುಂದೂ ಇಲ್ರಿ."

ಸಂಗಯ್ಯನವರು ಬಾಗಿಲ ಕಡೆ ಒಮ್ಮೆ ನೋಡಿದರು. ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕರು. "ಎರಡು ತಿಂಗಳಾತು ನೋಡವ್ವಾ. ಏನು ತಿಂದರೂ ಮಣ್ಣು ತಿಂದಂಗ. ಊಟದ್ದು ಹಾಳಾಗಿ ಹೋಗಲಿ, ಈ ಭರಣಿಗೋಳದ್ದ ಚಿಂತಿ. ಯಾವುದು ಹಣ್ಣು, ಯಾವುದು ಕಾಯಿ ಅಂತ ತಿಳೀವಲ್ದು. ಬಂದವರಿಗೆ ಏನಂತ ಕೊಡ್ಲಿ?"

ಶಿವಲಿಂಗವ್ವ ಸೆರಗು ಸರಿಮಾಡಿಕೊಂಡಳು. "ನಾ ನೋಡಿ ಹೇಳಿದ್ರ ನಡೀತೈತೇನ್ರಿ?"

ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಆ ಕೋಣೆಯಲ್ಲಿ ಅವಳು ಮಾವನ ಜೊತೆ ಮಾತಾಡಿದ್ದು ಅದೇ ಮೊದಲು. ಕಡೆಗೆ ಅವರು ಎದ್ದು ಹೊಟ್ಟಿನಿಂದ ಒಂದು ಭರಣಿ ತೆಗೆದರು.

"ಮೊದಲ ಬಾಯಿ ಮುಕ್ಕಳಿಸು. ಒಂದ ಚಮಚ. ನುಂಗಬ್ಯಾಡ. ನಾಲಿಗಿ ಮ್ಯಾಲ ಹರವು, ಬಾಯಿ ಮುಚ್ಚಿ ಮೂಗಿಲೆ ಉಸಿರು ಬಿಡು. ಅವಸರ ಮಾಡಬ್ಯಾಡ. ಅದು ತಾನ ಮಾತಾಡ್ತೈತಿ."

ಶಿವಲಿಂಗವ್ವ ಹಾಗೇ ಮಾಡಿದಳು. ಮೊದಲು ಸಿಹಿ ಬಂತು, ಹಿಂದೆಯೇ ಲವಂಗ ಚುರ್ರೆಂದಿತು, ಆಮೇಲೆ ಒಗರು ನಾಲಿಗೆಯ ಎರಡೂ ಅಂಚನ್ನು ಹಿಡಿದೆಳೆಯಿತು. ಎಲ್ಲವೂ ಬೇರೆ ಬೇರೆ ನಿಂತಿದ್ದವು, ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ. ನುಂಗಿದಳು. ಹೇಳಲು ಮಾತು ಹುಡುಕಿದಳು. ಅವಳು ಗುಳೇದಗುಡ್ಡದ ಹುಡುಗಿ. ಓಣಿಯ ತುಂಬ ಮಗ್ಗದ ಸಪ್ಪಳ ಕೇಳುತ್ತ ಬೆಳೆದವಳು, ಬಗಲಮನೆಯವರ ಜೊತೆ ಕುಪ್ಪಸದ ಖಣದ ನೂಲಿಗೆ ಗಂಜಿ ಹಚ್ಚಿದವಳು. ಬಾಯಿಗೆ ಬಂದದ್ದೂ ಅದೇ.

"ಇದರಾಗ ಇನ್ನೂ ಗಂಜಿ ಐತ್ರಿ."

"ಗಂಜಿ? ನಾ ಎಲ್ಲಿ ಗಂಜಿ ಹಾಕೀನಿ?"

"ಹಂಗಲ್ರಿ. ಹೊಸ ಖಣ ಮಗ್ಗದಿಂದ ಇಳಿಸಿದಾಗ ಬಿರುಸು ಇರ್ತೈತಲ್ರಿ, ಮಡಿಚಿದ್ರ ಕಟ್ಟಿಗಿ ಹಂಗ ನಿಂದ್ರತೈತಿ. ಎರಡು ಸಲ ಒಗದಮ್ಯಾಲ ಮೈಗೆ ಹೊಂದತೈತಿ. ಇದಿನ್ನೂ ಒಗದಿಲ್ರಿ."

ಸಂಗಯ್ಯನವರು ತೊಡೆ ತಟ್ಟಿ ನಕ್ಕರು. ಅವರು ನಲವತ್ತು ವರ್ಷ ಮದ್ದು ಮಾಡಿದ್ದರು, ಅದನ್ನು ಹೀಗೆ ಹೇಳಿದವರನ್ನು ಕಂಡಿರಲಿಲ್ಲ. ಆ ಭರಣಿ ಹೋದ ವರ್ಷದ್ದು. ಇನ್ನೊಂದು ವರ್ಷ ಬೇಕೆಂದು ಅವರೇ ಅಂದುಕೊಂಡಿದ್ದರು. ಅವತ್ತಿನಿಂದ ಮುಂಜಾನೆ ಊಟಕ್ಕೆ ಮುಂಚೆ, ಬಾಯಿ ಹಸನಾಗಿರುವ ಹೊತ್ತಿನಲ್ಲಿ, ಸೊಸೆ ಮದ್ದಿನ ಕೋಣೆಗೆ ಹೋಗುವುದು ರೂಢಿಯಾಯಿತು. ಅವರು ಕೇಳುವರು, ಅವಳು ಹೇಳುವಳು. ಒಗರು ಎಲ್ಲಿ ಹಿಡಿಯುತ್ತದೆ, ಸಿಹಿ ಮುಂದೆ ಬರುತ್ತದೋ ಹಿಂದೆಯೋ, ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯುತ್ತದೆ ಎಂದು ತನ್ನ ನಾಲಿಗೆಯನ್ನೇ ಕೆದಕಿ ಕೆದಕಿ ಕೇಳುವುದನ್ನು ಅವರು ಕಲಿಸಿದರು. ಹೊಸ ಆಸವ ಗದ್ದಲ ಮಾಡುತ್ತದೆ, ಎರಡು ವರ್ಷದ್ದು ಸಾವಕಾಶ ಮಾತಾಡುತ್ತದೆ, ಮೂರು ದಾಟಿದ್ದರಲ್ಲಿ ಲವಂಗ ಯಾವುದು ಮಣೂಕ ಯಾವುದು ಎಂದು ಬಿಡಿಸಿ ಹೇಳಲು ಬರುವುದಿಲ್ಲ ಎಂಬುದು ಅವಳಿಗೆ ಮೆಲ್ಲಗೆ ತಿಳಿಯಿತು. ಅಡುಗೆ ಮನೆಯಲ್ಲಿ ಇಷ್ಟು ದಿನ ಉಪ್ಪು ಖಾರ ನೋಡಿದ ನಾಲಿಗೆಗೆ ಇಷ್ಟೆಲ್ಲ ಕೆಲಸ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮುಂಜಾನೆ ಏಳುವಾಗಲೇ ಖುಷಿಯಾಗುತ್ತಿತ್ತು.

ಮಣೂಕ ತರುತ್ತಿದ್ದವನು ಇಳಕಲ್ಲಿನ ಸುಭಾನಸಾಬ. ಅತ್ತರಿನ ವ್ಯಾಪಾರಿ. ತಟ್ಟು ಕುದುರೆಯ ಮೇಲೆ ಪೆಟ್ಟಿಗೆ ಹೇರಿಕೊಂಡು ಹುನಗುಂದ, ಬಾಗಲಕೋಟೆ ಎಂದು ತಿರುಗುತ್ತ ಶಿರೂರಿಗೆ ಬಂದರೆ ಹಿರೇಮಠದ ಕಟ್ಟೆಯ ಮೇಲೆ ಅರ್ಧ ದಿನ ಕೂರದೆ ಹೋಗುತ್ತಿರಲಿಲ್ಲ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. "ನಮ್ಮ ಮಂದಿಗೆ ಇದು ನಾಲಿಗಿ ಮ್ಯಾಲ ನಡಿಯೂದಿಲ್ರಿ ಅಯ್ಯಾರ. ಮೂಗಿಗೇನೂ ಅಡ್ಡಿ ಇಲ್ಲ." ಸಂಗಯ್ಯನವರು ಅವನಿಗೆ ತಮ್ಮ ಸಂಗತಿ ಮುಚ್ಚಿಡಲಿಲ್ಲ. ಸೊಸೆಯ ಸಂಗತಿಯನ್ನಂತೂ ಹೆಮ್ಮೆಯಿಂದ ಹೇಳಿದರು.

ಆ ಬೇಸಿಗೆಗೆ ಸುಭಾನಸಾಬ ವಿಜಾಪುರದಲ್ಲಿ ಕಾಬೂಲಿಯೊಬ್ಬನಿಂದ ಕೊಂಡ ಮಣೂಕ ತಂದ. ಸಣ್ಣವು, ದಪ್ಪ ಸಿಪ್ಪೆಯವು, ಕಚ್ಚಿದರೆ ಬೀಜ ಕಟಕ್ಕೆನ್ನುವಂಥವು. ಶಿವಲಿಂಗವ್ವ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. "ಮಾವಾರ, ಇದನ್ನ ಬ್ಯಾರೆ ಇಡೂಣ್ರಿ." ಬೇರೆಯೇ ಪಾಕ ಮಾಡಿದರು. ಹುಳಿದು ಶಾಂತವಾದ ಮೇಲೆ ಸೋಸಿ ಆರು ಸಣ್ಣ ಭರಣಿಗೆ ತುಂಬಿ, ಬಾಯಿಗೆ ಮೇಣ ಹಚ್ಚಿದರು. ವರ್ಷಕ್ಕೊಂದು ತೆಗೆದು ನೋಡುವುದು, ಅದು ಹೇಗೆ ಬೆಳೆಯುತ್ತದೋ ನೋಡೋಣ ಎಂದು ಮಾತಾಯಿತು.

ಇಷ್ಟರಲ್ಲಿ ಗುರುಲಿಂಗವ್ವನಿಗೆ ಸಂಶಯ ಬಂತು. ಒಂದು ಮುಂಜಾನೆ ಮದ್ದಿನ ಕೋಣೆಯ ಬಾಗಿಲು ನೂಕಿದರೆ, ಸೊಸೆ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಾಳೆ, ಎದುರಿಗೆ ತೆರೆದ ಭರಣಿ, ಪಕ್ಕದಲ್ಲಿ ತನ್ನ ಗಂಡ "ಬಂತೇನು? ಬಂತೇನು?" ಎಂದು ಕೇಳುತ್ತಿದ್ದಾರೆ.

"ಅಯ್ಯ ಶಿವನ! ಜಂಗಮರ ಮನಿ ಸೊಸಿ ಮುಂಜಾನೆದ್ದು ಕುಡೀತಾಳಲ್ಲೋ!"

ಬಾಯಿ ತುಂಬ ಇದ್ದುದರಿಂದ ಶಿವಲಿಂಗವ್ವನಿಗೆ ಉತ್ತರ ಕೊಡಲಾಗಲಿಲ್ಲ. ನಗು ಬಂತು, ನಕ್ಕರೆ ಮದ್ದು ಮೈಮೇಲೆ. ಕೈ ಸನ್ನೆ ಮಾಡಿದಳು. ಅದನ್ನು ನೋಡಿ ಗುರುಲಿಂಗವ್ವ ಇನ್ನಷ್ಟು ಗಾಬರಿಯಾದಳು. ಸಂಗಯ್ಯನವರು ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲವನ್ನೂ ಹೇಳಿಬಿಟ್ಟರು. ಗುರುಲಿಂಗವ್ವ ಹಣೆ ಬಡಿದುಕೊಂಡಳು. ನಾಲಿಗೆ ಹೋದದ್ದಕ್ಕಲ್ಲ, ತನಗೆ ಹೇಳಲಿಲ್ಲವೆಂದು. "ಅಂದ್ರ ಇಷ್ಟ ದಿನ ನನ್ನ ಕೈ ಅಡಿಗಿ ಚಲೋ ಅಂದದ್ದೆಲ್ಲ ಸುಳ್ಳು?"

"ಅದಕ್ಕಿಂತ ಮೊದಲ ಅಂದದ್ದು ಖರೆ," ಎಂದರು ಸಂಗಯ್ಯನವರು. ಗುರುಲಿಂಗವ್ವ ಸಿಟ್ಟು ಮಾಡಿಕೊಳ್ಳಲು ಹೋಗಿ ನಕ್ಕಳು.

ಆದರೆ ಅವಳ ಮೊದಲ ಕೂಗು ಗೋಡೆಯಾಚೆಗೆ ಹೋಗಿತ್ತು. ಬಾವಿಕಟ್ಟೆಯಲ್ಲಿ ಮಾತು ಬೆಳೆಯಿತು. ಹಿರೇಮಠದಲ್ಲಿ ಭಟ್ಟಿ ಇಳಿಸುತ್ತಾರಂತೆ, ಸೊಸೆಯೇ ರುಚಿ ನೋಡುತ್ತಾಳಂತೆ. ಮಾತು ಬಾಗಲಕೋಟೆ ಮುಟ್ಟಿ, ಒಂದು ದಿನ ಮಧ್ಯಾಹ್ನ ಅಬಕಾರಿ ಜಮಾದಾರ ಯಂಕಪ್ಪ ತಲೆಗೆ ಪಟಗ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ದಪ್ಪ ಮೀಸೆಯ, ಬಿಸಿಲಿಗೆ ಬೆವೆತ ಮನುಷ್ಯ. ಮಜ್ಜಿಗೆ ಕೊಟ್ಟರು. ಕುಡಿದು ಕೆಲಸಕ್ಕೆ ಇಳಿದ.

"ನಿಮ್ಮನ್ಯಾಗ ಸೆರೆ ಮಾಡ್ತೀರಿ ಅಂತ ಸುದ್ದಿ ಬಂದೈತ್ರಿ ಅಯ್ಯಾರ."

"ಮದ್ದು ಮಾಡ್ತೀವಿ. ನೋಡ್ರಿ, ಮೂಸ್ರಿ, ಬೇಕಾದ್ರ ರುಚಿ ನೋಡ್ರಿ."

ಯಂಕಪ್ಪ ಭರಣಿ ಮೂಸಿದ. ಮೀಸೆ ಅಲುಗಿತು. "ಇದನ್ನ ಕುಡದು ಅಮಲೇರಬೇಕಾದ್ರ ಎಷ್ಟು ಬೇಕಾಕ್ಕೈತ್ರಿ?"

"ತಂಬಿಗಿಗಟ್ಟಲೆ ಬೇಕು. ಆದ್ರ ಅಮಲಿಗಿಂತ ಮೊದಲ ಜುಲಾಬ ಹತ್ತತೈತಿ. ಕೆರಿ ದಂಡಿಗೆ ಓಡೂದ್ರಾಗ ಅಮಲು ಇಳದು ಹೋಗಿರ್ತೈತಿ."

ಯಂಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ಸರ್ಕಾರಿ ಕೆಲಸ, ರುಚಿ ನೋಡದೆ ಹೋಗುವಂತಿಲ್ಲವೆಂದ. ಶಿವಲಿಂಗವ್ವ ಅತ್ತೆಯ ಹಿಂದೆ ನಿಂತು ಮೂರು ಬಟ್ಟಲು ಕಳಿಸಿದಳು, ಹೊಸದು, ಎರಡು ವರ್ಷದ್ದು, ನಾಲ್ಕು ವರ್ಷದ್ದು, ಒಂದೊಂದರಲ್ಲಿ ಒಂದೇ ಚಮಚ. ಯಂಕಪ್ಪ ಮೊದಲನೆಯದಕ್ಕೆ ಬಾಯಿ ಚಪ್ಪರಿಸಿದ. ಎರಡನೆಯದಕ್ಕೆ ತಲೆದೂಗಿದ. ಮೂರನೆಯದಕ್ಕೆ ಬಟ್ಟಲು ಕೆಳಗಿಟ್ಟ. ಬಹಳ ಹೊತ್ತು ಅಂಗಳದ ಬೇವಿನ ಮರ ನೋಡುತ್ತ ಕೂತ.

"ಮೂರೂ ಒಂದಽ ಪಾಕ ಅಂತೀರಿ?"

"ಒಂದಽ. ವಯಸ್ಸು ಅಷ್ಟಽ ಬ್ಯಾರೆ," ಎಂದಳು ಶಿವಲಿಂಗವ್ವ ಹಿಂದಿನಿಂದ.

"ಇದನ್ನ ಕುಡದವ ಜಗಳ ತಗ್ಯೂದಿಲ್ಲ ಬಿಡ್ರಿ. ಮನಿಗೆ ಹೋಗಿ ಹೆಂಡ್ತಿ ಕೂಡ ಸಮಾಧಾನಲೆ ಮಾತಾಡ್ತಾನ," ಎಂದು ಯಂಕಪ್ಪ ಎದ್ದ. ಹೋಗುವಾಗ ತನ್ನ ತಾಯಿಗೆ ಬಹಳ ದಿನದ ಕೆಮ್ಮಿದೆ ಎಂದು ಹೇಳಿ ಒಂದು ಸೀಸೆ ಇಸಿದುಕೊಂಡ. ತಾಯಿಗೆ ಗುಣ ಕಂಡಿತು. ಬಾವಿಕಟ್ಟೆಯ ಬಾಯಿಗಳೂ ಮುಚ್ಚಿದವು. ಜಮಾದಾರನೇ ಮದ್ದು ಎಂದ ಮೇಲೆ ಇನ್ನೇನು ಮಾತು? ಗುರುಲಿಂಗವ್ವ ಅವತ್ತು ಉಳಿದ ನಾಲ್ಕು ವರ್ಷದ್ದನ್ನು ತಾನೂ ಒಂದು ಚಮಚ ನೋಡಿದಳು. ಮರುದಿನದಿಂದ ಅವಳಿಗೂ ಸಣ್ಣ ಕೆಮ್ಮು ಶುರುವಾಯಿತು.

ವರ್ಷಗಳು ಉರುಳಿದವು. ಕಾಬೂಲಿ ಮಣೂಕದ ಭರಣಿಗಳನ್ನು ಒಂದೊಂದಾಗಿ ತೆಗೆದರು. ಮೊದಲ ವರ್ಷ ಅದು ಒರಟು, ಎಲ್ಲಕ್ಕಿಂತ ಒರಟು. ಎರಡನೆಯ ವರ್ಷ ಮುನಿಸಿಕೊಂಡವರ ಹಾಗೆ ಏನೂ ಕೊಡಲಿಲ್ಲ. ಸಂಗಯ್ಯನವರು ಕೆಟ್ಟಿತೇನೋ ಎಂದರು. ಶಿವಲಿಂಗವ್ವ, "ಇಲ್ರಿ, ಒಳಗ ಏನೋ ನಡಸೈತಿ," ಎಂದಳು. ಮೂರನೆಯ ವರ್ಷ ಬಾಯಿ ತೆರೆಯಿತು. ನಾಲ್ಕನೆಯ ವರ್ಷ ಅವಳು ಭರಣಿ ತೆಗೆದು ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, ನುಂಗಿ, ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಹರವಿ ಬಂದಳು. ರುಚಿ ಇನ್ನೂ ಬಾಯಲ್ಲೇ ಇತ್ತು. ಮಳೆ ಬಿದ್ದ ಕರಿಮಣ್ಣಿನ ವಾಸನೆ, ಒಣಗಿದ ಅಂಜೂರದ ಸಿಹಿ, ಹಿಂದೆ ಎಲ್ಲೋ ಯಾಲಕ್ಕಿ. ಒಂದೂ ಎದ್ದು ನಿಲ್ಲುವುದಿಲ್ಲ, ಒಂದೂ ಕೂತು ಹೋಗುವುದಿಲ್ಲ.

"ಮಾವಾರ, ಇದು ಬಂತ್ರಿ. ಇನ್ನೆರಡೂ ಈಗ ತೆಗೀಬೇಕ್ರಿ."

ಸಂಗಯ್ಯನವರು ಹೌಹಾರಿದರು. ಅವರ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು. ಉಳಿದ ಎರಡು ಭರಣಿಗಳನ್ನು ಹತ್ತು ವರ್ಷ ಇಟ್ಟು, ಬಾದಾಮಿಯ ವೈದ್ಯರನ್ನೆಲ್ಲ ಕರೆದು ತೋರಿಸಬೇಕೆಂದಿದ್ದರು. "ಇಟ್ಟಷ್ಟು ಚಲೋ ಆಕ್ಕೈತಿ ಅಂತ ನಮ್ಮಪ್ಪ ಹೇಳ್ಯಾನ."

"ಎಲ್ಲಾ ಹಂಗ ಇರೂದಿಲ್ರಿ. ರೇಷ್ಮಿ ಸೀರಿ ಭಾಳ ದಿನ ಪೆಟ್ಟಿಗ್ಯಾಗ ಮಡಿಚಿಟ್ರ ಮಡಿಕಿಗುಂಟ ಹರೀತೈತ್ರಿ. ಉಡಬೇಕಾದಾಗ ಉಡಬೇಕು."

"ನನ್ನ ನಾಲಿಗಿ ಇದ್ದಿದ್ರ ನಾನ ಹೇಳ್ತಿದ್ದೆ," ಎಂದುಬಿಟ್ಟರು ಸಂಗಯ್ಯನವರು.

ಶಿವಲಿಂಗವ್ವ ಭರಣಿಯ ಬಾಯಿ ಮುಚ್ಚಿ ಹೊರಗೆ ಬಂದಳು. ಅಂದು ರೊಟ್ಟಿ ಬಡಿಯುವ ಸಪ್ಪಳ ಜೋರಾಗಿತ್ತು. ಮರುದಿನ ಮುಂಜಾನೆ ಅವಳು ಮದ್ದಿನ ಕೋಣೆಗೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಸಂಗಯ್ಯನವರು ಕೋಣೆಯಿಂದ ಅಂಗಳಕ್ಕೆ, ಅಂಗಳದಿಂದ ಕೋಣೆಗೆ ಅಡ್ಡಾಡಿದರು. ಗುರುಲಿಂಗವ್ವ ಕೆಮ್ಮಿದಳು, ಯಾರೂ ಕೇಳಲಿಲ್ಲ.

ಆಗ ಸುಭಾನಸಾಬ ಬಂದ. ಇಬ್ಬರೂ ಬೇರೆ ಬೇರೆಯಾಗಿ ಅವನಿಗೆ ತಮ್ಮ ತಮ್ಮ ವಾದ ಹೇಳಿದರು. ಅವನು ತೆರೆದಿದ್ದ ಭರಣಿಯ ಬಟ್ಟೆಯನ್ನು ಮೂಗಿಗೆ ಹಿಡಿದು ಉಸಿರೆಳೆದ, ಬಿಟ್ಟ, ಮತ್ತೆ ಎಳೆದ.

"ಅಯ್ಯಾರ, ಗಂಧದ ಅತ್ತರ ಇಟ್ಟಷ್ಟು ಚಲೋ ಆಕ್ಕೈತಿ. ಮಲ್ಲಿಗಿದು ಹಂಗಲ್ಲ. ಅದಕ್ಕೊಂದು ವ್ಯಾಳ್ಯಾ ಇರ್ತೈತಿ, ಅದು ದಾಟಿದ್ರ ಹೂವು ಹೋಗಿ ಬರೇ ಎಣ್ಣಿ ಉಳೀತೈತಿ. ಈಗಂತೂ ವಾಸನಿ ತುಂಬಿ ನಿಂತೈತಿ. ಇದು ಗಂಧೋ ಮಲ್ಲಿಗ್ಯೋ ನನಗ ತಿಳೀವಲ್ದು. ತಂಗೆವ್ವ ಬಾಯಾಗ ಇಟ್ಕೊಂಡು ನೋಡ್ಯಾಳ, ನೀವು ನೋಡಿಲ್ಲ. ಮ್ಯಾಲ ನಿಮ್ಮ ಇಷ್ಟ."

ಸಂಗಯ್ಯನವರು ಗಡ್ಡ ಕೆರೆದುಕೊಂಡರು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. "ಶಿವಲಿಂಗವ್ವಾ, ಒಂದು ನೀ ಹೇಳಿದಂಗ. ಒಂದು ನಾ ಹೇಳಿದಂಗ. ಆದೀತೇನು?"

"ಆದೀತ್ರಿ," ಎಂದಳು ಅವಳು ತಿರುಗದೆ. ಆದರೆ ನಗುವುದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ಆ ವರ್ಷ ಊರಲ್ಲಿ ಚಳಿಜ್ವರ ಬಹಳ ಮಂದಿಯನ್ನು ಮಲಗಿಸಿತ್ತು. ಎದ್ದು ಕೂತವರೆಲ್ಲ ಕಡ್ಡಿಯಾಗಿದ್ದರು. ಒಂದು ಹಸನಾದ ಬಿಸಿಲಿನ ಮುಂಜಾನೆ ಅವರನ್ನೆಲ್ಲ ಹಿರೇಮಠದ ಅಂಗಳಕ್ಕೆ ಕರೆದು ಶಿವಲಿಂಗವ್ವ ತನ್ನ ಪಾಲಿನ ಭರಣಿ ತೆರೆದಳು. ಬಾಗಲಕೋಟೆಯಿಂದ ಯಂಕಪ್ಪ ತಾಯಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಬಂದಿದ್ದ. ಬಸಯ್ಯ ಬಟ್ಟಲು ಹಂಚಿದ. ಎರಡೆರಡು ಚಮಚ. ಮೊದಲು ಗದ್ದಲವಿತ್ತು, ಒಬ್ಬೊಬ್ಬರೇ ಬಾಯಿಗೆ ಹಾಕಿಕೊಂಡ ಹಾಗೆ ಮಾತು ಕಡಿಮೆಯಾಗಿ, ಅಂಗಳದಲ್ಲಿ ಗುಬ್ಬಿ ಸಪ್ಪಳ ಕೇಳುವಷ್ಟು ಶಾಂತವಾಯಿತು. ಯಂಕಪ್ಪನ ತಾಯಿ ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿ, "ಯವ್ವಾ, ಇದು ನನ್ನ ತವರಮನಿ ಹಿತ್ತಲ ಕಂಡಂಗಾತಲ್ಲ," ಎಂದಳು. ಅವಳ ತವರಿನಲ್ಲಿ ಅಂಜೂರದ ಗಿಡ ಇತ್ತಂತೆ.

ಸಂಗಯ್ಯನವರು ತಾವೂ ಒಂದು ಚಮಚ ತೆಗೆದುಕೊಂಡರು. "ಈಗ ಹೇಳು," ಎಂದು ಕಣ್ಣು ಮುಚ್ಚಿದರು. ಶಿವಲಿಂಗವ್ವ ಅವರ ಪಕ್ಕದಲ್ಲಿ ಕೂತು, ಎಲ್ಲರೂ ಇದ್ದಾರೆಂಬ ನಾಚಿಕೆ ಬಿಟ್ಟು, ಮೆಲ್ಲಗೆ ಹೇಳುತ್ತ ಹೋದಳು. ಮೊದಲು ಏನು ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಹೋಗಿ ನಿಲ್ಲುತ್ತದೆ. ಅವರು ತಲೆದೂಗುತ್ತ ಕೇಳಿದರು. "ಹೂಂ... ಗಂಟಲಾಗ ಬೆಚ್ಚಗಾತು. ಅದಷ್ಟು ನನಗೂ ತಿಳೀತೈತಿ," ಎಂದರು. ಕಣ್ಣು ಬಿಟ್ಟಾಗ ಮುಖ ತುಂಬ ನಗು.

ತಮ್ಮ ಪಾಲಿನ ಭರಣಿಯನ್ನು ಅವರಿಗೆ ಹತ್ತು ವರ್ಷ ಇಡಲಾಗಲಿಲ್ಲ. ಮತ್ತೆ ಮೂರು ವರ್ಷಕ್ಕೇ ತಾಳ್ಮೆ ಮುಗಿಯಿತು. ಸೊಸೆಯನ್ನು ಕರೆದು ಮೇಣ ಬಿಚ್ಚಿದರು. ಶಿವಲಿಂಗವ್ವ ಬಾಯಿ ಮುಕ್ಕಳಿಸಿ ಒಂದು ಚಮಚ ಹಿಡಿದಳು. ಸಿಹಿ ಇತ್ತು, ಒಗರು ಇತ್ತು. ಕರಿಮಣ್ಣೂ ಇಲ್ಲ, ಅಂಜೂರವೂ ಇಲ್ಲ. ನುಂಗಿದ ಕೂಡಲೇ ಬಾಯಿ ಬರಿದಾಯಿತು. ಎದುರಿಗೆ ಮಾವ ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ಒಳ್ಳೆಯದಿದೆ ಎಂದುಬಿಟ್ಟರೆ ಅವರ ಮನಸ್ಸು ತಣ್ಣಗಾಗುತ್ತದೆ, ಬಾದಾಮಿಯ ವೈದ್ಯರಿಗೂ ನಾಲಿಗೆ ಅಷ್ಟೊಂದು ಸೂಕ್ಷ್ಮವಿರಲಿಕ್ಕಿಲ್ಲ.

"ಮದ್ದಿಗೇನೂ ಆಗಿಲ್ರಿ ಮಾವಾರ, ಕೆಲಸಾ ಮಾಡ್ತೈತಿ. ಆದ್ರ ಅವತ್ತಿಂದು ಹೋಗೈತ್ರಿ."

ಸಂಗಯ್ಯನವರು ಭರಣಿಗಳು ನಡುಗುವ ಹಾಗೆ ನಕ್ಕರು. "ಚಲೋ ಐತಿ ಅಂದಿದ್ರ ನನಗ ತಿಳೀತಿತ್ತೇನು?"

"ಎಲ್ಲಿ ತಿಳೀತಿತ್ರಿ."

"ಅದಕ್ಕಽ ನಿನ್ನ ಕೇಳಿದ್ದು. ನನ್ನ ನಾಲಿಗಿ ಇದ್ದಾಗ ನಾನಽ ಎಷ್ಟೋ ಸಲ ನನಗ ಸುಳ್ಳು ಹೇಳಿಕೊಂಡೀನಿ, ನಾ ಮಾಡಿದ್ದು ಅಂತ ಹೇಳಿ." ಹೀಗೆಂದು ಮದ್ದಿನ ಕೋಣೆಯ ಕೀಲಿಯನ್ನು ಅವಳ ಮುಂದಿಟ್ಟರು. ಅದನ್ನು ದೊಡ್ಡ ಸಂಗತಿ ಎಂಬಂತೆ ಕೊಡಲಿಲ್ಲ. ಕಲಬತ್ತು ಈಚೆ ಸರಿಸಿದ ಹಾಗೆ ಸರಿಸಿದರು.

ಸಂಗಯ್ಯನವರು ಇನ್ನೂ ಬಹಳ ವರ್ಷ ಇದ್ದರು. ನಾಡಿ ಅವರು ಹಿಡಿದರು, ಭರಣಿ ಅವಳು ನೋಡಿಕೊಂಡಳು. ಶಿವಲಿಂಗವ್ವ ಯಾವ ಪಾಕವನ್ನೂ ವರ್ಷದ ಲೆಕ್ಕದಲ್ಲಿ ತೆಗೆಯಲಿಲ್ಲ. ಒಂದು ಬೇಗ ಹಣ್ಣಾಗುತ್ತಿತ್ತು, ಒಂದು ಹಟ ಮಾಡುತ್ತಿತ್ತು, ಒಂದು ಜೀವಮಾನವಿಡೀ ಒರಟಾಗಿಯೇ ಉಳಿದು ಕೆಮ್ಮಿಗೆ ಮಾತ್ರ ಬಳಕೆಯಾಗುತ್ತಿತ್ತು. ಹುನಗುಂದದ ಕಡೆಯಿಂದಲೂ ಹೆಣ್ಣುಮಕ್ಕಳು ಬಂದು, ತಮ್ಮ ಮನೆಯ ಮದ್ದು ತಂದು ತೋರಿಸಿ, "ಹೆಂಗೈತ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ಅವಳು ಮೊದಲು ಅವರ ಕೈಗೇ ಚಮಚ ಕೊಟ್ಟು, "ನಿಮಗ ಹೆಂಗನಸ್ತೈತಿ ಹೇಳ್ರಿ," ಎನ್ನುತ್ತಿದ್ದಳು. ಒಬ್ಬಳು ಜೋಳದ ಹೊಲದ ಮಾತಿನಲ್ಲಿ ಹೇಳುವಳು, ಇನ್ನೊಬ್ಬಳು ಕೂಸಿನ ಮಾತಿನಲ್ಲಿ. ಅದನ್ನು ಕೇಳುತ್ತ ಕೂರುವುದು ಶಿವಲಿಂಗವ್ವನಿಗೆ ಆಸವಕ್ಕಿಂತ ಹೆಚ್ಚು ಇಷ್ಟವಾಗುತ್ತಿತ್ತು. ಒಮ್ಮೊಮ್ಮೆ ಮಾತು ಬೆಳೆದು ಮಧ್ಯಾಹ್ನವಾಗಿಬಿಡುತ್ತಿತ್ತು. ಆಗ ಎಲ್ಲರನ್ನೂ ಊಟಕ್ಕೆ ಎಬ್ಬಿಸುವಳು.